ಹೋಯ್ತು ಅನ್ನುವವರೆಗೆ

ನಾನು ಈ ಊರಿನವಳಲ್ಲ, ಮದುವೆಯಾಗಿ ಬಂದವಳು. ತಲೆ ಅರ್ಧ ನೆರೆತ ಮೇಲೂ ಇಲ್ಲಿನವರು ಅದನ್ನು ಮರೆತಿಲ್ಲ, ನನ್ನನ್ನೂ ಮರೆಯಲು ಬಿಟ್ಟಿಲ್ಲ. ಹೊರಗಿನವಳು ಅಂತ ಯಾರಾದರೂ ಅಂದರೆ, ಹೌದು, ಹೊರಗಿನವಳೇ, ಏನೀಗ, ಅನ್ನುತ್ತೇನೆ. ಈ ಕಥೆಯನ್ನೂ ಹಾಗೆಯೇ ಹೇಳುತ್ತೇನೆ. ಕೇಳಿದವರಿಗೆ ಇಷ್ಟವಾದರೆ ಸರಿ, ಆಗದಿದ್ದರೆ ಇನ್ನೂ ಸರಿ.

ನಮ್ಮೂರಲ್ಲಿ ಹಾವು ಬಂದರೆ ಗೋಡೆ ಸರಿದುಕೊಳ್ಳುತ್ತದೆ. ಬಹಳವೇನಿಲ್ಲ, ಅದು ನುಸುಳುವಷ್ಟು. ದೊಡ್ಡ ಕೇರೆಹಾವಾದರೆ ಒಂದು ಗೇಣು. ಬಸ್ಸಿನಲ್ಲಿ ಕೂತ ಹೆಂಗಸು ಇನ್ನೊಬ್ಬಳಿಗೆ ಜಾಗ ಬಿಡಲು ಸೆರಗು ಎಳೆದುಕೊಂಡು ಜರುಗುವುದಿಲ್ಲವೇ, ಹಾಗೆ. ಹಾವು ದಾಟಿದ ಮೇಲೆ ಕೆಲವು ಗೋಡೆಗಳು ಹಿಂದಕ್ಕೆ ಬರುತ್ತವೆ, ಕೆಲವು ಬರುವುದಿಲ್ಲ. ಅದಕ್ಕೇ ಇಲ್ಲಿನ ಬೀದಿಗಳು ಒಂದೂ ನೆಟ್ಟಗಿಲ್ಲ. ಪಕ್ಕದ ಮನೆಯವರ ಅಡುಗೆಕೋಣೆ ನನ್ನ ಕಣ್ಣೆದುರೇ ಒಂದು ಮೊಳ ಬೆಳೆದಿದೆ, ನಮ್ಮ ಬಚ್ಚಲು ಅಷ್ಟೇ ಕುಗ್ಗಿದೆ. ಯಾರೂ ಕೋರ್ಟಿಗೆ ಹೋಗಿಲ್ಲ. ಗೋಡೆಗೆ ಆನಿಸಿ ಪಾತ್ರೆ ಜೋಡಿಸುವುದಿಲ್ಲ, ದೇವರ ಪಟಗಳನ್ನು ತೊಲೆಗೆ ದಾರ ಕಟ್ಟಿ ಇಳಿಬಿಡುತ್ತೇವೆ, ಬೀಗರು ಬಂದರೆ ಗೋಡೆಗೆ ಒರಗಿ ಕೂರಬೇಡಿ ಅಂತ ಮೊದಲೇ ಹೇಳುತ್ತೇವೆ. ಅಷ್ಟು ಬಿಟ್ಟರೆ ಬೇರೆ ತೊಂದರೆಯಿಲ್ಲ.

ಗೋಡೆಗೇ ಇಷ್ಟು ತಿಳಿವಳಿಕೆ ಇರುವಾಗ ಮನುಷ್ಯರಿಗೆ ಬೇಡವೇ? ಹಾವನ್ನು ಮೊದಲು ಕಂಡವರು ಮೆಲ್ಲಗೆ "ನಿಂತೆ" ಅನ್ನಬೇಕು. ಕಿವಿಗೆ ಬಿದ್ದವರೆಲ್ಲ ಇದ್ದಲ್ಲೇ ನಿಲ್ಲಬೇಕು. ಹತ್ತಿರ ಹೋಗುವುದಿಲ್ಲ, ದಾರಿಗೆ ಅಡ್ಡ ಬರುವುದಿಲ್ಲ, ಸುಮ್ಮನೆ ನೋಡುತ್ತೇವೆ. ಅದು ತನ್ನ ಪಾಡಿಗೆ ಹೋಗಿ ಕಣ್ಮರೆಯಾದ ಮೇಲೆ ಮೊದಲು ಕಂಡವರೇ "ಹೋಯ್ತು" ಅನ್ನಬೇಕು, ಬೇರೆಯವರು ಅನ್ನುವ ಹಾಗಿಲ್ಲ. ಈ ಎರಡು ಮಾತುಗಳ ನಡುವೆ ಹಾಲು ಉಕ್ಕಿ ಒಲೆ ಆರಿದೆ, ಬಸ್ಸು ಹೊರಡದೆ ನಿಂತಿದೆ, ಕ್ಷೌರದಂಗಡಿಯಲ್ಲಿ ದೊಡ್ಡ ಮನುಷ್ಯರು ಅರ್ಧ ಮೀಸೆಯಲ್ಲಿ ಕೂತಿದ್ದಾರೆ. ಒಂದು ಮದುವೆಯಲ್ಲಿ ತಾಳಿ ಹಿಡಿದು ನಿಂತ ಗಂಡು ಕೈ ಸೋತು ಬೆವೆತುಹೋದ. ಚಪ್ಪರದ ಮಾವಿನ ಸೊಪ್ಪಿನಲ್ಲಿ ಹಸಿರುಹಾವೊಂದು ಓತಿಕ್ಯಾತನ ಬೆನ್ನು ಹತ್ತಿತ್ತು. ಅದಕ್ಕೆ ಮುಹೂರ್ತ ಗೊತ್ತಿರಲಿಲ್ಲ.

ಇಲ್ಲಿ ಹುತ್ತಕ್ಕೆ ಹಾಲೆರೆಯುವುದಿಲ್ಲ, ಕೈಮುಗಿಯುವುದಿಲ್ಲ, ಕೋಲನ್ನೂ ಎತ್ತುವುದಿಲ್ಲ. ನಮ್ಮತ್ತೆ ಹಾಲಮ್ಮನ ಬಲಗಾಲಿಗೆ ಎರಡು ಬೆರಳಿಲ್ಲ. ಪ್ರಾಯದಲ್ಲಿ ಸೌದೆ ಎಳೆಯಲು ಹೋಗಿ ಮಂಡಲದ ಹಾವನ್ನು ತುಳಿದಿದ್ದರಂತೆ. ಆಸ್ಪತ್ರೆಗೆ ಬೇಗ ಸೇರಿಸಿದ್ದರಿಂದ ಜೀವ ಉಳಿದು ಬೆರಳು ಹೋಯಿತು. ಹೊಸದಾಗಿ ಬಂದಾಗ ನಾನು ಆ ಕಾಲು ನೋಡಿ ಅತ್ತುಬಿಟ್ಟಿದ್ದೆ. "ಅಳೋದ್ಯಾಕೆ? ಅದು ಮಲಗಿತ್ತು, ನಾನು ನೋಡದೆ ಕಾಲಿಟ್ಟೆ. ನಿನ್ನ ಹೊಟ್ಟೆ ಮೇಲೆ ಯಾರಾದ್ರೂ ಕಾಲಿಟ್ರೆ ನೀನು ಆರತಿ ಎತ್ತೀಯಾ?" ಅಂದಿದ್ದರು. ಅಂಥ ಹೆಂಗಸು.

ನಮ್ಮದು ಮಂಡಕ್ಕಿ ಭಟ್ಟಿ. ಹಿತ್ತಿಲ ತುಂಬ ಭತ್ತದ ಮೂಟೆ, ಬೆಂಕಿಗೆ ಹಾಕುವ ಹೊಟ್ಟಿನ ಗುಡ್ಡೆ. ಭತ್ತ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಹೊಟ್ಟಿನ ಗುಡ್ಡೆಯ ಪಕ್ಕದ ಕಲ್ಲುಗಳ ಸಂದಿನಲ್ಲಿ ಒಂದು ನಾಗರಹಾವು ಇತ್ತು. ಸಂಜೆ, ಮಂಡಕ್ಕಿ ಹುರಿದು ಬಾಂಡಲಿಯಿಂದ ಸುರಿದ ಮರಳು ಬೆಚ್ಚಗಿರುವಾಗ ಬಂದು ಅದರ ಅಂಚಿನಲ್ಲಿ ಮಲಗುತ್ತಿತ್ತು. ಮೊದಮೊದಲು ನಾನು "ನಿಂತೆ" ಕೇಳಿದ ಕೂಡಲೇ ಕಣ್ಣು ಮುಚ್ಚಿಬಿಡುತ್ತಿದ್ದೆ. ಒಂದು ದಿನ ಕಣ್ಣು ಬಿಟ್ಟೆ, ಅತ್ತೆ ಬೈಯುತ್ತಾರೆ ಅಂತ. ಅದು ನೆಲಕ್ಕೆ ಗದ್ದ ಹಚ್ಚಿ ಮಲಗಿತ್ತು. ನಾಲಿಗೆ ಆಡಿಸಿ ಗಾಳಿಯ ರುಚಿ ನೋಡಿತು, ನನ್ನ ರುಚಿಯನ್ನೂ ನೋಡಿರಬೇಕು, ಅದರಲ್ಲೇನೂ ವಿಶೇಷ ಸಿಗಲಿಲ್ಲವೇನೋ, ಮತ್ತೆ ತಲೆ ಇಳಿಸಿತು. ಹೆಡೆಯಿಲ್ಲ, ಬುಸ್ ಅನ್ನಲಿಲ್ಲ. ನನ್ನ ಜೀವಮಾನದಲ್ಲಿ ನನ್ನಿಂದ ಏನೂ ಬೇಡದೆ ನನ್ನೆದುರು ಇದ್ದ ಮೊದಲ ಪ್ರಾಣಿ ಅದು. ಆಮೇಲೆ ಸಂಜೆಯಾದರೆ ನಾನೇ ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದೆ. ಅದಕ್ಕೆ ಮರಿಯಾದವು, ಮರಿಗಳು ಊರು ಹಂಚಿಕೊಂಡವು, ಆ ಮರಿಗಳಲ್ಲಿ ಒಂದೋ ಏನೋ ಅದೇ ಕಲ್ಲಿಗೆ ವಾಪಸು ಬಂತು. ಅವಕ್ಕೆ ನಾವು ಹೆಸರಿಡಲಿಲ್ಲ. ಹೆಸರಿಟ್ಟರೆ ಕರೆಯಬೇಕು ಅನ್ನಿಸುತ್ತದೆ.

ಈಗ ನನ್ನ ತಮ್ಮನ ವಿಷಯ. ಅವನ ಹೆಸರು ಪಂಚಾಕ್ಷರಿ, ನನಗೆ ಪಂಚು. ಅಪ್ಪ ಅಮ್ಮ ಬೇಗ ಹೋದರು. ಅವನ ಮೂಗು ಒರೆಸಿ, ಸ್ಲೇಟು ಹಿಡಿಸಿ ದೊಡ್ಡವನನ್ನಾಗಿ ಮಾಡಿದವಳು ನಾನು. ನನಗೆ ತವರು ಅಂತ ಇರುವುದು ಅವನೊಬ್ಬನೇ. ಗೌರಿ ಹಬ್ಬಕ್ಕೆ ಅವನು ಬಾಗಿನ ಹೊತ್ತು ಬಂದು ಈ ಬಾಗಿಲಲ್ಲಿ "ಅಕ್ಕ" ಅಂದರೆ ನನ್ನ ವರ್ಷ ಶುರುವಾದ ಹಾಗೆ. ಅವನು ಹಾವು ಹಿಡಿಯುವವನು. ಅವನ ಊರಲ್ಲಿ ಗೋಡೆಗಳು ಸರಿಯುವುದಿಲ್ಲ, ಜನ ದೊಣ್ಣೆ ತರುತ್ತಾರೆ, ದೊಣ್ಣೆ ಬೀಳುವ ಮೊದಲು ಇವನು ಹೋಗಿ ಹಿಡಿದು ಕಾಡಿಗೆ ಬಿಡುತ್ತಿದ್ದ. ಆ ಮಟ್ಟಿಗೆ ನನ್ನ ತಮ್ಮನ ಬಗ್ಗೆ ನನಗೆ ಹೆಮ್ಮೆಯಿತ್ತು, ಈಗಲೂ ಇದೆ. ಆದರೆ ಬರಬರುತ್ತಾ ಮೊಬೈಲು ಬಂತು, ಚಪ್ಪಾಳೆ ಬಂತು, ಹಾರ ಬಂತು. ಬಾಲ ಹಿಡಿದು ತೂಗುವುದು, ಹೆಡೆಯ ಹಿಂಬದಿಗೆ ಮುತ್ತು ಕೊಡುವುದು, ಕೊರಳಿಗೆ ಸುತ್ತಿಕೊಳ್ಳುವುದು. ಒಂದು ಸಲ ಕಚ್ಚಿಸಿಕೊಂಡು ಒಂದು ಬೆರಳು ಸೊಟ್ಟಗಾಗಿದೆ, ಅದನ್ನೂ ಮೆಡಲಿನ ಹಾಗೆ ಎತ್ತಿ ತೋರಿಸುತ್ತಿದ್ದ.

ಇಂಥವನನ್ನು ನಮ್ಮ ಪಟ್ಟಣ ಪಂಚಾಯ್ತಿ ಅಧ್ಯಕ್ಷ ತಿಪ್ಪೇರುದ್ರಪ್ಪ ಕರೆಸಿದ. ಸಂತೆ ಮೈದಾನದಲ್ಲಿ ಶಾಮಿಯಾನ, ಮೈಕು, ಸುತ್ತೂರಿನ ಜನ. ಊರಿಗೆ ಹೆಸರು ಬರಬೇಕಂತೆ. ನಮ್ಮೂರಿಗೆ ಹೆಸರಿಲ್ಲದೆ ಯಾರ ಊಟ ನಿಂತಿತ್ತೋ ನಾನು ಕಾಣೆ. ಪಂಚು ಹಿಂದಿನ ದಿನವೇ ಬಂದ. ಸಂಜೆ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ನಾಗರವನ್ನು ನೋಡಿದ. ನೋಡಿದ ಅಂದೆನಲ್ಲ, ಇಲ್ಲ, ಅಳತೆ ಹಾಕಿದ. "ಅಕ್ಕ, ಎಂಥ ಮಾಲು ಇದು! ನಾಳೆ ಸ್ಟೇಜಿಗೆ ಇದೇ ಸರಿ," ಅಂದ.

"ಅದರ ಕಣ್ಣು ನೋಡು," ಅಂದೆ. "ಮಂಜು ಕವಿದಂಗಾಗೈತೆ. ಪೊರೆ ಬಿಡೋ ಹೊತ್ತು. ಈಗ ಅದಕ್ಕೆ ಸರಿಯಾಗಿ ಕಾಣಲ್ಲ, ಮುಟ್ಟಿದ್ರೆ ಒಳಗಿನ ಎಳೆ ಚರ್ಮ ಹರಿಯುತ್ತೆ. ನಾಳೆ ಬೇಡ ಪಂಚು. ಯಾವತ್ತೂ ಬೇಡ."

"ಕಣ್ಣು ಕಾಣದಿದ್ರೆ ಹಿಡಿಯೋದು ಇನ್ನೂ ಸಲೀಸು," ಅಂದ ನನ್ನ ತಮ್ಮ, ನಗುತ್ತಾ. ನನಗೆ ಮೈಯೆಲ್ಲ ಉರಿಯಿತು. ಕಣ್ಣು ಕಾಣದ ಮುದುಕಿಯ ಕೈಯಿಂದ ಊರುಗೋಲು ಕಿತ್ತುಕೊಳ್ಳುವವನು ನಗುವ ನಗು ಅದು. ಅವನಿಗೆ ಹಾಗೆ ನಗಲು ನಾನು ಕಲಿಸಿರಲಿಲ್ಲ. ಬೇಡ ಅಂತ ಇನ್ನೊಂದು ಸಲ ಹೇಳಿ ಒಳಗೆ ಹೋದೆ. ಅಕ್ಕ ಎರಡು ಸಲ ಬೇಡ ಅಂದಮೇಲೆ ಮಾಡಲಾರ ಅಂದುಕೊಂಡೆ.

ಮಾರನೇ ದಿನ ಭಟ್ಟಿ ಉರಿಯುತ್ತಿತ್ತು. ನನ್ನ ಯಜಮಾನರು ಗುರುಪಾದಪ್ಪ ಬಾಂಡಲಿಯ ಮುಂದೆ ಜರಡಿ ಹಿಡಿದಿದ್ದರು, ಇಬ್ಬರು ಕೆಲಸದ ಹೆಂಗಸರು ಮೂಟೆ ಹೊಲಿಯುತ್ತಿದ್ದರು, ಅತ್ತೆ ಮೂಟೆಯೊಂದರ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಪಂಚು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಹಿತ್ತಿಲಲ್ಲಿ ಓಡಾಡುತ್ತಿದ್ದ. ಯಾವತ್ತೂ ಆ ಹೊತ್ತಿಗೆ ಬಾರದ ಹಾವು, ಅವನು ಕಲ್ಲು ಕದಲಿಸಿದ್ದಕ್ಕೋ ಏನೋ, ಹೊರಗೆ ಬಂತು. "ನಿಂತೆ," ಅಂದರು ಅತ್ತೆ. ನಾವೆಲ್ಲ ನಿಂತೆವು.

ನಿಂತೇ ಇದ್ದೆವು. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಹಾವಿನ ಮರ್ಯಾದೆಗೆ ಅಂತ ನಾವಷ್ಟೂ ಜನ ಕೈಕಾಲು ಕಟ್ಟಿ ನಿಂತಿದ್ದಾಗ, ನಮ್ಮ ಕಣ್ಣೆದುರೇ ಅವನು ನಡೆದುಹೋಗಿ ಅದರ ಬಾಲ ಹಿಡಿದೆತ್ತಿದ. ಇಂಥದು ಆಗಬಹುದು ಅಂತ ಈ ಊರಿನ ಯಾವ ಹಿರಿಯರಿಗೂ ಹೊಳೆದಿರಲಿಲ್ಲ. ಹಾವು ಗಾಳಿಯಲ್ಲಿ ತಿರುಚಿಕೊಂಡಿತು. ಹೆಡೆ ಬಿಚ್ಚಿತು, ಎತ್ತ ಹೊಡೆಯಬೇಕೋ ಕಾಣದೆ ಬರೀ ಗಾಳಿಗೆ ಹೊಡೆಯಿತು. ಅವನು ಕುತ್ತಿಗೆ ಅಮುಕಿ ಹಿಡಿದಾಗ ಅಲ್ಲಿ ಪೊರೆ ಕಿತ್ತು ಒಂದು ಗೆರೆ ಕೆಂಪಗೆ ಕಂಡಿತು. ಮೊಬೈಲಿನ ಕಡೆ ತಿರುಗಿ ಏನೇನೋ ಮಾತಾಡಿ, ಬಟ್ಟೆಯ ಚೀಲಕ್ಕೆ ಇಳಿಸಿ ಬಾಯಿ ಕಟ್ಟಿದ. ನಾವು ಬೆರಗಾಗಿ ನಿಂತಿದ್ದೇವೆ ಅಂತ ತಿಳಿದು ನಮ್ಮ ಕಡೆ ಕೈಬೀಸಿದ ಕೂಡ.

"ಅಜ್ಜಿ, ಹೋಯ್ತು ಅನ್ನಿ. ಎಲ್ಲ ಮುಗೀತು," ಅಂದ ಅತ್ತೆಗೆ. ನಮ್ಮೂರಿನ ಪದ್ಧತಿ ಅವನಿಗೆ ಗೊತ್ತಿತ್ತು.

ಅತ್ತೆ ಎಲೆ ಅಡಿಕೆ ಅಗಿಯುವುದನ್ನೂ ನಿಲ್ಲಿಸಿದ್ದರು. "ಹೋಗಿಲ್ಲ," ಅಂದರು. "ಚೀಲದಾಗೈತೆ. ಹೋಗದೇ ಇರೋದನ್ನ ಹೋಯ್ತು ಅಂತ ಹೆಂಗನ್ನಲಿ?"

ಬಾಂಡಲಿಯಲ್ಲಿ ಮಂಡಕ್ಕಿ ಕಪ್ಪಾಗಿ ಹೊಗೆ ಎದ್ದಿತು. ಯಜಮಾನರು ಜರಡಿ ಹಿಡಿದೇ ನಿಂತಿದ್ದರು, ಕದಲಲಿಲ್ಲ. ಹಿತ್ತಿಲ ಗೋಡೆ ಅತ್ತ ಒಂದಿಷ್ಟು ಇತ್ತ ಒಂದಿಷ್ಟು ಸರಿದು, ಯಾರಿಗೆ ದಾರಿ ಬಿಡಬೇಕೋ ತಿಳಿಯದೆ ಸುಣ್ಣ ಉದುರಿಸುತ್ತಿತ್ತು. ಪಂಚು ಚೀಲ ಹಿಡಿದು ಮುಂಬಾಗಿಲಿನ ಕಡೆ ಹೊರಟ. ಆಗ ನಾನು ಕಾಲು ಕಿತ್ತೆ.

ಈ ಊರಿಗೆ ಬಂದಮೇಲೆ "ನಿಂತೆ" ಅಂದಮೇಲೆ ಕದಲಿದ್ದು ಅದೇ ಮೊದಲು. ಕೆಲಸದವರ ಕಣ್ಣು ನನ್ನ ಮೇಲೆ ನೆಟ್ಟಿದ್ದು ಬೆನ್ನಿಗೆ ಗೊತ್ತಾಯಿತು. ಓಡಿಹೋಗಿ ಮುಂಬಾಗಿಲ ಹೊಸ್ತಿಲ ಮೇಲೆ, ಯಾವ ಮುತ್ತೈದೆಯೂ ಕೂರಬಾರದ ಜಾಗದಲ್ಲಿ, ಅಡ್ಡಡ್ಡವಾಗಿ ಕೂತುಬಿಟ್ಟೆ. "ಚೀಲ ಬಿಚ್ಚು," ಅಂದೆ.

"ಏಳಕ್ಕ, ಜನ ಕಾಯ್ತಾವ್ರೆ."

"ಕಾಯಲಿ. ಹಿತ್ತಿಲಿಗೆ ಹೋಗಿ ಚೀಲ ಬಿಚ್ಚು."

ಬೀದಿಯಲ್ಲಿ ಜನ ಸೇರಿದರು. ಒಳಗಿನಿಂದ ಇನ್ನೂ "ಹೋಯ್ತು" ಬಂದಿಲ್ಲ ಅಂತ ತಿಳಿದದ್ದೇ ಬಂದವರು ಬಂದಲ್ಲೇ ನಿಂತರು. ಸೈಕಲ್ಲಿನವನು ಒಂದು ಕಾಲು ಊರಿ ನಿಂತ, ಹೂವಿನವಳು ಬುಟ್ಟಿ ಹೊತ್ತೇ ನಿಂತಳು, ಸುದ್ದಿ ಬೀದಿಯಿಂದ ಬೀದಿಗೆ ದಾಟಿ ಮೈದಾನದ ಮೈಕೂ ನಿಂತಿತು. ಕೊನೆಗೆ ಅಧ್ಯಕ್ಷ ತಿಪ್ಪೇರುದ್ರಪ್ಪನೇ ದಡಬಡ ಬಂದ. "ಏನ್ರೀ ಮಂಗಳಮ್ಮ ಇದು!" ಅಂತ ಶುರುಮಾಡಿದವನಿಗೆ ಯಾರೋ "ಹಾಲಮ್ಮ ನಿಂತೆ ಅಂದವ್ರೆ, ಹೋಯ್ತು ಅಂದಿಲ್ಲ" ಅಂದರು. ಅವನೂ ಈ ಊರಲ್ಲೇ ಹುಟ್ಟಿದವನಲ್ಲವೇ? ಒಂದು ಕಾಲು ನಮ್ಮ ಮೆಟ್ಟಿಲ ಮೇಲೆ, ಇನ್ನೊಂದು ಚರಂಡಿಯ ಚಪ್ಪಡಿಯ ಮೇಲೆ, ಹಾಗೇ ನಿಂತ. ಇಸ್ತ್ರಿ ಪಂಚೆ, ಹೆಗಲಿಗೆ ಶಲ್ಯ. ಅಷ್ಟು ಕೋಪದಲ್ಲೂ ನನಗೆ ನಗು ಬಂತು.

ಪಂಚುವಿಗೆ ನಗು ಬರಲಿಲ್ಲ. "ನಾನು ಎಷ್ಟು ಹಾವು ಉಳಿಸಿದೀನಿ ಗೊತ್ತೇನಕ್ಕ ನಿಂಗೆ? ಜನ ಬಡಿದು ಹಾಕ್ತಿದ್ರು. ನಾನಿರೋದ್ರಿಂದ ಬದುಕಿದಾವೆ."

"ಗೊತ್ತು. ಅಲ್ಲಿ ದೊಣ್ಣೆ ಇತ್ತು, ಉಳಿಸಿದೆ. ಇಲ್ಲಿ ಯಾರ ಕೈಲಿ ದೊಣ್ಣೆ ಐತೆ ತೋರಿಸು. ಇಲ್ಲಿ ಅದನ್ನ ನಿನ್ನಿಂದ ಉಳಿಸಬೇಕಾಗೈತೆ."

ಅವನ ಮುಖ ಕಪ್ಪಿಟ್ಟಿತು. ಜನ ಎಲ್ಲ ನೋಡುತ್ತಿದ್ದರು, ಒಬ್ಬರೂ ಮಿಸುಕುತ್ತಿರಲಿಲ್ಲ. ಹಾಗೆ ಮಿಸುಕದೆ ನೋಡುವ ಊರಿನ ಮುಂದೆ ನಿಲ್ಲುವುದು ಕಷ್ಟ. ಅವನು ಬಗ್ಗಿ, ನನಗೆ ಮಾತ್ರ ಕೇಳುವ ಹಾಗೆ ಅಂದ, "ಇಷ್ಟು ಜನರ ಎದುರಿಗೆ ನನ್ನ ಮಾನ ಕಳೀತಿದೀಯಾ. ಇವತ್ತು ನಾನು ಚೀಲ ಬಿಚ್ಚಿದ್ರೆ ತವರಿನ ಬಾಗಿಲು ನಿಂಗೆ ಮುಚ್ತು ಅನ್ಕೊ. ಯೋಚನೆ ಮಾಡಿ ಹೇಳು."

ಯೋಚನೆ ಮಾಡಲಿಲ್ಲ ಅಂದರೆ ಸುಳ್ಳಾಗುತ್ತದೆ. ಅವನ ಅಂಗೈಗೆ ಬಿಸಿ ಅನ್ನ ಕಲಸಿ ಇಟ್ಟದ್ದು ನೆನಪಾಯಿತು. ಅಪ್ಪನ ಮನೆಯ ಜಗಲಿ ನೆನಪಾಯಿತು. ತವರು ಹೋದ ಹೆಂಗಸಿನ ಮುಂದೆ ಹಬ್ಬದ ದಿನ ಬೇರೆ ಹೆಂಗಸರು ದನಿ ತಗ್ಗಿಸಿ ಮಾತಾಡುತ್ತಾರೆ, ಅದೂ ನೆನಪಾಯಿತು. ಚೀಲ ಅವನ ಕೈಯಲ್ಲಿ ಒಂದು ಸಲ ಮಿಸುಕಿತು. ಎಲ್ಲರಿಗೂ ಕೇಳುವ ಹಾಗೆ ಅಂದೆ: "ಚೀಲ ಬಿಚ್ಚು ಪಂಚು."

ಅವನು ಹಿತ್ತಿಲಿಗೆ ಹೋದ. ನಾನು ಹಿಂದೆಯೇ ಹೋದೆ. ಚೀಲದ ಬಾಯಿ ಬಿಚ್ಚಿ ನೆಲಕ್ಕಿಟ್ಟು ದೂರ ಸರಿದ. ಬಹಳ ಹೊತ್ತು ಏನೂ ಹೊರಬರಲಿಲ್ಲ. ಆಮೇಲೆ ತಲೆ ಕಂಡಿತು, ನೀಲಿ ಮಂಜಿನ ಕಣ್ಣು, ನಾಲಿಗೆ. ಇಡೀ ಊರು ಒಂದು ಹಾವಿಗಾಗಿ ನಿಂತಿದೆ ಅಂತ ಅದಕ್ಕೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ನೆಲ ಮೂಸುತ್ತ, ತಡೆದು ತಡೆದು, ಗಾಯದ ಕಡೆಯ ಮೈಯನ್ನು ಕಲ್ಲಿಗೆ ತಾಗಿಸದ ಹಾಗೆ ತಿರುಗಿಸಿಕೊಂಡು ಹೋಯಿತು. ಗೋಡೆ ಹಿಂದೆಂದೂ ಬಿಡದಷ್ಟು ಜಾಗ ಬಿಟ್ಟಿತು; ಎತ್ತಿನಗಾಡಿ ನುಗ್ಗುವಷ್ಟು. ಬಾಲದ ತುದಿ ಸಂದಿಯೊಳಗೆ ಹೋದಮೇಲೂ ಅತ್ತೆ ಅಲ್ಲಿಂದ ಕಣ್ಣು ಕೀಳಲಿಲ್ಲ.

"ಹೋಯ್ತು," ಅಂದರು.

ಊರೆಲ್ಲ ಒಮ್ಮೆಗೇ ಉಸಿರು ಬಿಟ್ಟಿತು. ಅಧ್ಯಕ್ಷ ಜೋಮು ಹಿಡಿದ ಕಾಲನ್ನು ತಿಕ್ಕಿಕೊಳ್ಳುತ್ತ ಮೈದಾನಕ್ಕೆ ಹೋಗಿ ಶಾಮಿಯಾನ ಬಿಚ್ಚಿಸಿದ. ಪಂಚು ಒಂದು ಲೋಟ ನೀರೂ ಕುಡಿಯದೆ ಬಸ್ಸು ಹತ್ತಿದ. ಕೆಲವು ದಿನದ ಮೇಲೆ ಕಲ್ಲಿನ ಹತ್ತಿರ ಪೊರೆ ಸಿಕ್ಕಿತು. ಇಡಿಯಾಗಿ ಬರಬೇಕಾದದ್ದು ಹರಕು ಹರಕಾಗಿ ಬಂದಿತ್ತು. ಹಾವು ಮಾತ್ರ ಬದುಕಿತು.

ಇನ್ನು ಊರಿನವರು ನನ್ನನ್ನು ಹೊತ್ತು ಮೆರೆಸಿದರು ಅಂದುಕೊಳ್ಳಬೇಡಿ. ಹಾಲಮ್ಮನ ಸೊಸೆ "ನಿಂತೆ" ಅಂದಮೇಲೂ ಓಡಿದಳಂತೆ, ಹೊರಗಿನವಳಲ್ಲವಾ, ಅಂತ ನೀರಿನ ನಲ್ಲಿಯ ಹತ್ತಿರ ಮಾತು ನಡೆಯಿತು. ನಾನು ಕೊಡ ಇಟ್ಟು ಸೊಂಟಕ್ಕೆ ಕೈಕೊಟ್ಟು ನಿಂತು ಹೇಳಿದೆ: "ಓಡಿದೆ, ಹೌದು. ನಾಳೆ ಯಾರಾದ್ರೂ ಕೈ ಹಾಕಿದ್ರೆ ಮತ್ತೆ ಓಡ್ತೀನಿ. ನಾವು ನಿಲ್ಲೋದು ಹಾವಿಗೋಸ್ಕರ. ನಿಲ್ಲೋದೇ ದೊಡ್ಡದು ಅಂತ ನಿಂತ್ರೆ ನಮಗೂ ಕಂಬಕ್ಕೂ ಏನು ವ್ಯತ್ಯಾಸ?" ಮಾತು ನಮ್ಮತ್ತೆಯ ಕಿವಿಗೂ ಮುಟ್ಟಿತೇನೋ, ಆವತ್ತು ರಾಗಿಮುದ್ದೆಗೆ ತುಪ್ಪ ನನಗೇ ಜಾಸ್ತಿ ಬಿತ್ತು.

ಗೌರಿ ಹಬ್ಬ ಬಂತು. ಬಾಗಿನ ಬರಲಿಲ್ಲ. ಬೆಳಗಿನಿಂದ ಬಾಗಿಲ ಕಡೆ ನೋಡಿ ನೋಡಿ ನನ್ನ ಮೇಲೇ ನನಗೆ ಸಿಟ್ಟು ಬಂತು. ಹಾವನ್ನು ಬಿಡಿಸಿದ್ದಕ್ಕೆ ತಮ್ಮನನ್ನು ಬಿಡಬೇಕು ಅಂತ ಯಾರು ಹೇಳಿದ್ದು? ಅವನೇ ಹೇಳಿದ್ದು. ಅವನು ಹೇಳಿದ್ದನ್ನು ನಾನು ಯಾಕೆ ಕೇಳಬೇಕು? ಸೀರೆ ಬದಲಾಯಿಸಿ ಬಸ್ಸು ಹತ್ತಿದೆ.

ಅವನ ಮನೆಯ ಬಾಗಿಲು ಹಾಕಿತ್ತು. ನಾನು ಕದ ತಟ್ಟಲಿಲ್ಲ, ಕೂಗಲೂ ಇಲ್ಲ. ಜಗಲಿಯ ಮೇಲೆ ಕೂತೆ. ಕಿಟಕಿಯಿಂದ ಅವನ ಹೆಂಡತಿ ಅನ್ನಪೂರ್ಣ ನೋಡಿ, "ಅಯ್ಯೋ, ಅತ್ತಿಗೆ!" ಅಂದಳು. ಒಳಗೆ ಪಿಸುಪಿಸು. ಆಮೇಲೆ ಕದದ ಹಿಂದಿನಿಂದ ಅವನ ದನಿ: "ತಪ್ಪಾಯ್ತು ಅಂತ ಒಂದು ಮಾತು ಹೇಳು, ತೆಗೀತೀನಿ."

"ಹೇಳಲ್ಲ. ತಪ್ಪು ಮಾಡಿಲ್ಲ. ಹಬ್ಬಕ್ಕೆ ಬಂದಿದೀನಿ."

"ಹಂಗಾದ್ರೆ ಕೂತಿರು."

"ಕೂತೇ ಇದೀನಿ."

ಆ ಊರಿನ ಗೋಡೆಗಳು ಯಾರಿಗೂ ಸರಿಯುವುದಿಲ್ಲ. ಅಕ್ಕಪಕ್ಕದವರು ಬಂದು ಕೇಳಿದರು, ನಾನು ಕಾರಣ ಹೇಳಲಿಲ್ಲ. ಕೈ ಮಡಿಲಲ್ಲಿಟ್ಟು, ಅಲುಗದೆ, ಯಾರನ್ನೂ ಬೈಯದೆ ಕೂತಿದ್ದೆ. ಒಳಗೊಂದು ಜೀವ ಹೆದರಿ ಹೆಡೆ ಬಿಚ್ಚಿಕೊಂಡು ಕೂತಾಗ ಕೆಣಕಬಾರದು, ಬಿಟ್ಟು ಓಡಿಯೂ ಹೋಗಬಾರದು. ಇಷ್ಟನ್ನು ನನ್ನ ಗಂಡನ ಊರು ನನಗೆ ಕಲಿಸಿದೆ.

ಬಿಸಿಲು ಜಗಲಿಯಿಂದ ಇಳಿದುಹೋದ ಮೇಲೆ ಚಿಲಕದ ಸದ್ದಾಯಿತು. ನಾನು ತಿರುಗಿ ನೋಡಲಿಲ್ಲ. ಪಂಚು ಹೊಸ್ತಿಲ ಮೇಲೆ ನಿಂತ, ಒಳಗೆ ಹೋದ, ಮತ್ತೆ ಬಂದ. ಕೊನೆಗೆ ಜಗಲಿಯ ಆ ತುದಿಯಲ್ಲಿ ಬಂದು ಕೂತ. ಬೀದಿ ನೋಡುತ್ತಾ, "ಎಲೆ ಹಾಕವ್ಳೆ. ಊಟಕ್ಕೆ ಬಾ," ಅಂದ.

ಬೆಳಗಿನಿಂದ ಏನೂ ತಿಂದಿರಲಿಲ್ಲ. ಹೋಳಿಗೆಯ ವಾಸನೆ ಜಗಲಿಯವರೆಗೂ ಬಂದಿತ್ತು. "ಬರ್ತೀನಿ. ಮೊದಲು ಹೇಳು, ಆವತ್ತು ನೀನು ಚೀಲ ಬಿಚ್ಚಿದ್ದು ಸರಿಯೋ ತಪ್ಪೋ?"

ಅವನು ಸೊಟ್ಟ ಬೆರಳನ್ನು ನೀವಿಕೊಂಡ. "ಸಾರು ಆರಿಹೋಗುತ್ತೆ ಕಣಕ್ಕ."

"ಆರಲಿ," ಅಂದೆ.